‘ಗುಲಾಮಗಿರಿ’ಯ ಅರ್ಪಣೆ: ಒಂದು ತಕರಾರು

ಜೋತಿಬಾ ಫುಲೆ 1873ರ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿ, ಆ ಹೋರಾಟವನ್ನು ನಿಸ್ವಾರ್ಥವೆಂದು ಕರೆದರು. ನನ್ನ ತಕರಾರು ಇಲ್ಲೇ. ಯುದ್ಧಕ್ಕೆ ಮುಂಚಿನ ಜಗಳ ಬಹುಮಟ್ಟಿಗೆ ಹೊಸ ಪ್ರಾಂತ್ಯಗಳಿಗೆ ಗುಲಾಮಗಿರಿ ಹಬ್ಬಬೇಕೋ ಬೇಡವೋ ಅನ್ನೋದರ ಮೇಲಿತ್ತು. 1854ರ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆ ನೋಡ್ರಿ. 1857ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಪ್ಪು ಜನ ನಾಗರಿಕರೇ ಅಲ್ಲ ಅಂದಿತು. ತಾವೇ ತಪ್ಪಿಸಿಕೊಂಡು ಬಂದು ಹೋರಾಡಿದ ಫ್ರೆಡರಿಕ್ ಡಗ್ಲಸ್‌ರಂಥವರು ಅರ್ಪಣೆಯಲ್ಲಿ ಕಾಣೋದಿಲ್ಲ.

ಆದರೆ ಫುಲೆಯವರಿಗೆ ಬೇಕಾದದ್ದು ಚರಿತ್ರೆಯಲ್ಲ, ದೇಶಬಾಂಧವರಿಗೊಂದು ಮಾದರಿ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1918ರಲ್ಲಿ ಮಹಾರ ವತನ ರದ್ದು ಮಾಡಿದ್ದು ಆ ಮಾದರಿಯದೇ: ಮೇಲಿನವರು ಕೊಟ್ಟ ಬಿಡುಗಡೆ. ಅದೇ ದೊರೆ 1920ರಲ್ಲಿ ಇಚಲಕರಂಜಿ ಹತ್ತಿರದ ಮಾಣಗಾವದಲ್ಲಿ ಅಂಬೇಡ್ಕರರನ್ನು ತೋರಿಸಿ, ನಿಮ್ಮ ನಾಯಕರು ನಿಮ್ಮೊಳಗೇ ಸಿಕ್ಕಿದ್ದಾರೆ ಅಂದರು. ಅರ್ಪಣೆ ಬಿಟ್ಟ ಹೆಸರು ಅಲ್ಲಿ ಬಂತು.