‘ಯಾರ ಪೈಕಿ?’ ಅಂತ ಕೇಳುವ ಸ್ಕ್ರಿಪ್ಟು

ಯಾವುದಾದರೂ ಓಪನ್ ಸೋರ್ಸ್ ಪ್ರಾಜೆಕ್ಟಿನ ಇನ್‌ಸ್ಟಾಲ್ ಸ್ಕ್ರಿಪ್ಟ್ ತೆರೆದು ನೋಡಿ. ಬಹಳಷ್ಟರಲ್ಲಿ ಶುರುವಿನಲ್ಲೇ ‘ಯುನೇಮ್’ ಕಮಾಂಡ್ ಸಿಗುತ್ತೆ. ‘-ಎಸ್’ ಹಾಕಿದರೆ ಆಪರೇಟಿಂಗ್ ಸಿಸ್ಟಮ್ಮಿನ ಹೆಸರು, ‘-ಎಂ’ ಹಾಕಿದರೆ ಪ್ರೊಸೆಸರ್ ಜಾತಿ. ಕೆಳಗೆ ಉದ್ದನೆಯ ‘ಕೇಸ್’ ಪಟ್ಟಿ.

ನಮ್ಮ ಹಳ್ಳಿ ಕಡೆ ಹೊಸ ಮುಖ ಕಂಡರೆ ‘ಯಾವೂರು? ಯಾರ ಪೈಕಿ?’ ಅಂತ ವಿಚಾರಿಸುತ್ತಾರಲ್ಲ, ಥೇಟ್ ಹಾಗೇ. ಬಂದವನಿಗೆ ಏನು ಕೆಲಸ ಬರುತ್ತೆ ಅಂತ ಕೇಳೋರಿಲ್ಲ. ಹೆಸರು ಸಿಕ್ಕರೆ ಸಾಕು, ಉಳಿದದ್ದನ್ನು ತಾವೇ ತೀರ್ಮಾನಿಸುತ್ತಾರೆ.

ಮೊದಲನೇದಾಗಿ, ಹೆಸರೇ ಒಂದಿಲ್ಲ. 64 ಬಿಟ್ ಆರ್ಮ್ ಪ್ರೊಸೆಸರನ್ನು ಲಿನಕ್ಸ್ ‘ಎಆರ್ಚ್64’ ಅನ್ನುತ್ತೆ, ಮ್ಯಾಕ್ ‘ಆರ್ಮ್64’ ಅನ್ನುತ್ತೆ. ಲಿನಕ್ಸಿನ ‘ಎಕ್ಸ್86_64’ ಫ್ರೀಬಿಎಸ್‌ಡಿಯಲ್ಲಿ ‘ಎಎಂಡಿ64’, ಚಿಪ್ ಇಂಟೆಲ್‌ನದ್ದಾದರೂ! ಇದು ಬರೀ ಕಿರಿಕಿರಿ. ಪಟ್ಟಿ ಸ್ವಲ್ಪ ಉದ್ದ ಮಾಡಿದರೆ ಮುಗೀತು.

ಉತ್ತರ ಸರಿಯಿದ್ದೂ ದಾರಿ ತಪ್ಪಿಸೋದು ದೊಡ್ಡ ಸಮಸ್ಯೆ. 2020ರ ನವೆಂಬರಿನಲ್ಲಿ ಎಂ1 ಮ್ಯಾಕ್ ಬಂತು. ರೊಸೆಟಾ ಅಡಿಯಲ್ಲಿ ಓಡುವ ಟರ್ಮಿನಲ್ಲಿನಲ್ಲಿ ಕೇಳಿದರೆ ಅದೇ ಎಂ1 ತಾನು ‘ಎಕ್ಸ್86_64’ ಅನ್ನುತ್ತೆ. ರಾಸ್ಪ್‌ಬೆರಿ ಪೈನಲ್ಲಿ ಕರ್ನೆಲ್ 64 ಬಿಟ್, ಉಳಿದ ಲೈಬ್ರರಿಗಳೆಲ್ಲ 32 ಬಿಟ್ ಇರಬಹುದು. ಯುನೇಮ್ ಕರ್ನೆಲ್ ಮಾತು ಕೇಳಿ ‘ಎಆರ್ಚ್64’ ಅನ್ನುತ್ತೆ. ಸ್ಕ್ರಿಪ್ಟು 64 ಬಿಟ್ ಬೈನರಿ ಇಳಿಸುತ್ತೆ. ಓಡಿಸಿದರೆ ‘ಅಂಥ ಫೈಲೇ ಇಲ್ಲ’ ಅನ್ನುವ ಎರರ್! ಫೈಲು ಕಣ್ಣೆದುರಿಗೇ ಇದೆ. ಇಲ್ಲದಿರೋದು ಅದನ್ನು ಲೋಡ್ ಮಾಡುವ 64 ಬಿಟ್ ಲೋಡರ್. ಹೊಸದಾಗಿ ಕಲಿಯುವ ಹುಡುಗನಿಗೆ ಇದು ಹೇಗೆ ಹೊಳೀಬೇಕು?

ಇನ್ನು ಕ್ರಾಸ್ ಕಂಪೈಲ್. ಇಂಟೆಲ್ ಸರ್ವರ್ ಮೇಲೆ ಕೂತು ಆರ್ಮ್‌ಗೆ ಬಿಲ್ಡ್ ಮಾಡುವಾಗ ಯುನೇಮ್ ಹೇಳೋದು ಅಡುಗೆ ಮಾಡುವವರ ಊರು, ಊಟ ಮಾಡುವವರದ್ದಲ್ಲ.

1991ರಲ್ಲಿ ಬಂದ ಆಟೋಕಾನ್ಫ್ ಬೇರೆ ದಾರಿ ತೋರಿಸಿತ್ತು: ಹೆಸರು ಕೇಳಬೇಡ, ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿ ಆ ಫಂಕ್ಷನ್ ಇದೆಯಾ ಅಂತ ನೋಡು. ಅದು ನಿಧಾನ ಅಂತ ನಾವೆಲ್ಲ ಬೈದುಕೊಂಡೇ ಕಾಫಿಗೆ ಎದ್ದು ಹೋದವರು. ಆದರೂ ಪ್ರಶ್ನೆ ಸರಿಯಿತ್ತು. ಎಡವಿದ್ದು ಅದರ ಜೊತೆ ಬರುವ ‘ಕಾನ್ಫಿಗ್.ಗೆಸ್’ ಎಂಬ ಹೆಸರು ಊಹಿಸುವ ಫೈಲು. 64 ಬಿಟ್ ಆರ್ಮ್ ಬಂದಾಗ ಹಳೇ ಪ್ಯಾಕೇಜುಗಳಲ್ಲಿದ್ದ ಅದರ ಹಳೇ ಪ್ರತಿಗಳಿಗೆ ಹೊಸ ಹೆಸರು ಗೊತ್ತಿರಲಿಲ್ಲ. ಒಳಗಿನ ಸಿ ಕೋಡಿಗೆ ಯಾವ ತೊಂದರೆಯೂ ಇಲ್ಲದಿದ್ದರೂ ಬಿಲ್ಡ್ ಬಾಗಿಲಲ್ಲೇ ನಿಂತಿತು.

ಹೆಸರು ಬೇಡವೇ ಬೇಡ ಅಂತಲ್ಲ. ರೆಡಿ ಬೈನರಿ ಇಳಿಸಬೇಕಾದರೆ, ಅಸೆಂಬ್ಲಿ ಕೋಡ್ ಆರಿಸಬೇಕಾದರೆ ಬೇಕು. ಆಗ ಗೊತ್ತಿರುವವರನ್ನೇ ಕೇಳಿ. ಡೆಬಿಯನ್ ಆದರೆ ಡಿಪಿಕೆಜಿ ತನ್ನ ಆರ್ಕಿಟೆಕ್ಚರ್ ಹೇಳುತ್ತೆ. ಜಿಸಿಸಿಗೆ ‘-ಡಂಪ್‌ಮಷೀನ್’ ಅಂದರೆ ತಾನು ಯಾವುದಕ್ಕೆ ಕೋಡ್ ತಯಾರಿಸುತ್ತೇನೆ ಅಂತ ಹೇಳುತ್ತೆ. ಜೊತೆಗೆ, ಬಳಸುವವರೇ ಹೆಸರು ಕೊಡಲು ಒಂದು ವೇರಿಯಬಲ್ ಇಟ್ಟಿರಿ.

ಇಂಥ ಕೋಡ್ ರಿವ್ಯೂಗೆ ಬಂದರೆ ‘ಕೇಸ್’ ಪಟ್ಟಿಯ ಕೊನೆಯ ನಕ್ಷತ್ರದ ಸಾಲು ನೋಡಿ. ಗೊತ್ತಿಲ್ಲದವರೆಲ್ಲ ಇಂಟೆಲ್ ಅಂದುಕೊಂಡು ಮುಂದೆ ಹೋಗುತ್ತಿದ್ದರೆ ಅಪ್ರೂವ್ ಒತ್ತಬೇಡಿ. ‘ಈ ಹೆಸರು ನನಗೆ ಗೊತ್ತಿಲ್ಲ’ ಅಂತ ಬಾಯಿಬಿಟ್ಟು ಹೇಳಿ ನಿಲ್ಲುವ ಸ್ಕ್ರಿಪ್ಟೇ ವಾಸಿ.