ಇಲಿಯ ಸಾಕ್ಷ್ಯ, ಮನುಷ್ಯನ ರೋಗ

ಇಲಿಗಳಲ್ಲಿ ಮಧುಮೇಹ ಗುಣವಾಯಿತೆಂಬ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ನಿತ್ಯವೂ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಗುವಿರುವ ಮನೆಯಲ್ಲಿ ಆ ಸುದ್ದಿ ಎಂತಹ ಆಸೆ ಹುಟ್ಟಿಸುವುದೆಂದು ಹೇಳಬೇಕಾಗಿಲ್ಲ. ಆ ಆಸೆಗೆ ಆಧಾರವೆಷ್ಟೆಂಬುದು ವಿಚಾರಣೀಯ.

ಮಕ್ಕಳಲ್ಲಿ ಹೆಚ್ಚಾಗಿ ಆರಂಭವಾಗುವ ಮೊದಲನೆಯ ಬಗೆಯ ಮಧುಮೇಹವು ಸಿಹಿ ತಿಂದುದರ ಫಲವಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಗೊಳಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇದನ್ನು ಅಭ್ಯಸಿಸಲು ಬಹುವಾಗಿ ಬಳಕೆಯಾದುದು ಎನ್.ಓ.ಡಿ. ಎಂಬ ಬಿಳಿ ಇಲಿಯ ತಳಿ. ಜಪಾನಿನ ಶಿಯೊನೋಗಿ ಪ್ರಯೋಗಾಲಯದವರು 1980ರಲ್ಲಿ ಇದನ್ನು ಪ್ರಕಟಪಡಿಸಿದರು. ಹುಟ್ಟಿದ 3-4 ವಾರಗಳಲ್ಲಿಯೇ ಬಿಳಿ ರಕ್ತಕಣಗಳು ಬೀಟಾ ಕೋಶಗಳ ಗುಂಪನ್ನು ಮುತ್ತತೊಡಗುತ್ತವೆ. ಸುಮಾರು 12 ವಾರಗಳ ತರುವಾಯ ಮಧುಮೇಹ ಪ್ರಕಟವಾಗುತ್ತದೆ. ರೋಗಿ ಇಲಿಯ ಟಿ ಕೋಶಗಳನ್ನು ಅದೇ ತಳಿಯ ಎಳೆಯ ಮರಿಗೆ ಸೇರಿಸಿದರೆ ಅದಕ್ಕೂ ರೋಗ ಬರುತ್ತದೆ. ರೋಗದ ಕರ್ತೃ ಯಾರೆಂಬುದಕ್ಕೆ ಇದು ಪ್ರಬಲ ಪ್ರಮಾಣ. ಈ ಉಪಕಾರವನ್ನು ಅಲ್ಲಗಳೆಯಲಾಗದು.

ಆಕ್ಷೇಪವಿರುವುದು ಚಿಕಿತ್ಸೆಯ ವಿಷಯದಲ್ಲಿ. 2005ರ ವೇಳೆಗೆ ಈ ಇಲಿಯಲ್ಲಿ ಮಧುಮೇಹ ತಡೆಯುವ ಇನ್ನೂರರ ಸಮೀಪ ವಿಧಾನಗಳು ವರದಿಯಾಗಿದ್ದವು. ಮನುಷ್ಯನಿಗೆ ಒದಗಿದುದು ಅತ್ಯಲ್ಪ. ಇಲಿಯಲ್ಲಿ ಫಲ ನೀಡಿದ್ದ ನಿಕೋಟಿನಮೈಡನ್ನು 552 ಮಂದಿಯಲ್ಲಿ ಪರೀಕ್ಷಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು, ಪ್ರಯೋಜನ ಕಾಣಲಿಲ್ಲ.

ಕಾರಣಗಳು ಗೂಢವಲ್ಲ. ಈ ತಳಿಯಲ್ಲಿ ಹೆಣ್ಣಿಗೆ ರೋಗ ಹೆಚ್ಚು, ಗಂಡಿಗೆ ಬಹಳ ಕಡಿಮೆ. ಮಕ್ಕಳಲ್ಲಿ ಅಂತಹ ಭೇದವಿಲ್ಲ. ಇಲಿಯ ಗ್ರಂಥಿಯಲ್ಲಿ ಕಣಗಳ ಮುತ್ತಿಗೆ ದಟ್ಟ, ಮನುಷ್ಯನಲ್ಲಿ ವಿರಳ. ಸ್ವಚ್ಛ ಪರಿಸರದಲ್ಲಿ ಸಾಕಿದಷ್ಟೂ ಇಲಿಗೆ ರೋಗ ಹೆಚ್ಚುತ್ತದೆ. ಅನೇಕ ಸೋಂಕುಗಳು ತಾವಾಗಿಯೇ ಅದನ್ನು ತಡೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಬಹುತೇಕ ಔಷಧಿಗಳನ್ನು ಕೊಟ್ಟದ್ದು ರೋಗ ಪ್ರಕಟವಾಗುವ ಮುನ್ನ, ಎಳೆಯ ಇಲಿಗಳಿಗೆ. ವೈದ್ಯರ ಬಳಿಗೆ ಬರುವ ಮಗುವಾದರೋ ಬೀಟಾ ಕೋಶಗಳ ಬಹುಭಾಗವನ್ನು ಆಗಲೇ ಕಳೆದುಕೊಂಡಿರುತ್ತದೆ. ಜಮಾ ಮಾತ್ರ ಬರೆದು ಖರ್ಚನ್ನು ಬಿಟ್ಟ ಖಾತೆ ಎಷ್ಟು ಲಾಭ ತೋರಿಸಿದರೇನು?

ಹಾಗೆಂದು ಇಲಿಯ ಸಾಕ್ಷ್ಯವೆಲ್ಲವೂ ಸುಳ್ಳೆನ್ನುವುದು ಏಕಾಂತವಾದವಾದೀತು. 1994ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಟಿ ಕೋಶಗಳನ್ನು ಶಮನಗೊಳಿಸುವ ಪ್ರತಿಕಾಯವನ್ನು ಆಗಲೇ ಮಧುಮೇಹ ಬಂದಿದ್ದ ಇಲಿಗಳಿಗೆ ಕೊಟ್ಟು ರೋಗವನ್ನು ಹಿಮ್ಮೆಟ್ಟಿಸಿದರು. ಅದೇ ಬಗೆಯ ಟೆಪ್ಲಿಜುಮ್ಯಾಬ್ ಎಂಬ ಔಷಧಿ, ರೋಗದ ಅಂಚಿನಲ್ಲಿದ್ದ 76 ಮಂದಿಯ ಪರೀಕ್ಷೆಯಲ್ಲಿ, ಮಧುಮೇಹವನ್ನು ಸರಾಸರಿ ಎರಡು ವರ್ಷ ಮುಂದೂಡಿತೆಂದು 2019ರಲ್ಲಿ ತಿಳಿದುಬಂತು. 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕಠಿಣ ಪರೀಕ್ಷೆಯಲ್ಲಿ ಗೆದ್ದುದೇ ಮನುಷ್ಯನಿಗೂ ಒದಗಿತು. ಇದು ಮುಂದೂಡಿಕೆ ಮಾತ್ರ, ಗುಣವಲ್ಲ ಎಂಬುದನ್ನೂ ಮರೆಯಬಾರದು.

ಪ್ರಮಾದದಿಂದ ಪ್ರಾಣ ಕಳೆಯುವುದೇ ಹಿಂಸೆಯೆಂದು ಆಚಾರ್ಯರು ತಿಳಿಸಿದ್ದಾರೆ. ಪ್ರಾಣಿಪ್ರಯೋಗವೇ ಸಲ್ಲದೆನ್ನುವವರ ವಾದ ಒಂದು ಕಡೆಗಿರಲಿ. ಅದನ್ನು ಒಪ್ಪುವವರೂ ಈ ಮಾತಿನಿಂದ ತಪ್ಪಿಸಿಕೊಳ್ಳಲಾರರು. ಸುಲಭ ಯಶಸ್ಸಿಗಾಗಿ ರೂಪಿಸಿದ, ಮನುಷ್ಯನಿಗೆ ಸಲ್ಲದ ಪ್ರಯೋಗದಲ್ಲಿ ಇಲಿಯ ಜೀವವೂ ವ್ಯರ್ಥ, ತಾಯಿಯ ಆಸೆಯೂ ವ್ಯರ್ಥ. ಇನ್ನು ಅಂತಹ ಸುದ್ದಿ ಓದಿದಾಗ ಎರಡು ಪ್ರಶ್ನೆ ಕೇಳೋಣ: ಔಷಧಿ ಕೊಟ್ಟದ್ದು ರೋಗ ಬರುವ ಮೊದಲೋ, ಬಂದ ಮೇಲೋ? ಮನುಷ್ಯರಲ್ಲಿ ಪರೀಕ್ಷೆಯಾಗಿದೆಯೋ? ಉತ್ತರ ದೊರೆಯುವವರೆಗೆ ಮಗುವಿನ ಇನ್ಸುಲಿನ್ ಒಂದು ಹೊತ್ತೂ ತಪ್ಪದಿರಲಿ.