ಹೆಸರಿನಲ್ಲಿ ಉಳಿದ ಸಂತರು

ಸಂತಚರಿತೆಯನ್ನು ಭಕ್ತರು ಪವಾಡಗಳಿಗಾಗಿ ಓದುತ್ತಾರೆ. ವಿಮರ್ಶಕನು ಅದರ ಸ್ಥಳನಾಮಗಳನ್ನೂ ಪರಿಶೀಲಿಸಬೇಕಾಗುತ್ತದೆ. ಐರ್ಲೆಂಡಿನ ಪ್ರಾಚೀನ ಸಂತರ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಅಲ್ಲಿಯ ಊರುಗಳ ಹೆಸರಿನ ಮೊದಲಿಗೆ ಬರುವ ‘ಕಿಲ್’ ಎಂಬುದು ಅನೇಕ ಕಡೆ ಲ್ಯಾಟಿನ್ ಭಾಷೆಯ ‘ಸೆಲ್ಲಾ’ದಿಂದ ಬಂದುದು, ಸಾಧಕನ ಕುಟೀರ, ಇಗರ್ಜಿ ಎಂದು ಅರ್ಥ. ಕಿಲ್ಕೆನ್ನಿ ಎಂದರೆ ಸಂತ ಕ್ಯಾನಿಸರ ಇಗರ್ಜಿ. ಸಂತ ಬ್ರಿಜಿಡರ ಕಿಲ್ಡೇರ್ ಮಾತ್ರ ‘ಓಕ್ ಮರದ ಇಗರ್ಜಿ’. ಅಲ್ಲಿ ಉಳಿದುದು ಸಂತರ ಹೆಸರಲ್ಲ, ಮರದ ಹೆಸರು.

ಇದಕ್ಕಿಂತ ವಿಚಾರಾರ್ಹವಾದುದು ಸ್ಕಾಟ್ಲೆಂಡಿನ ಪಶ್ಚಿಮ ತೀರದ ಅಯೋನಾ ದ್ವೀಪ. ಐರ್ಲೆಂಡಿನಿಂದ ಬಂದು ಅಲ್ಲಿ ಮಠ ಕಟ್ಟಿದ ಸಂತ ಕೊಲಂಬರು 597ರಲ್ಲಿ ದೇಹ ಬಿಟ್ಟರು. ಸುಮಾರು ನೂರು ವರ್ಷಗಳ ತರುವಾಯ ಅದೇ ಮಠದ ಅಧಿಪತಿ ಅಡಮ್ನಾನರು ಅವರ ಚರಿತೆಯನ್ನು ರಚಿಸಿದರು. ಅದರಲ್ಲಿ ದ್ವೀಪದ ಹೆಸರು ‘ಇಯೋವಾ’ ಎಂದಿದೆ. ಮುಂದೆ ‘ಯು’ ಅಕ್ಷರವನ್ನು ‘ಎನ್’ ಎಂದು ತಪ್ಪಾಗಿ ಓದಿದುದರಿಂದ ಇಂದಿನ ಹೆಸರು ಹುಟ್ಟಿತು. ‘ಕೊಲಂಬ’ ಎಂದರೆ ಲ್ಯಾಟಿನ್ನಿನಲ್ಲಿ ಪಾರಿವಾಳ. ಹೀಬ್ರೂ ಭಾಷೆಯ ‘ಇಯೋನಾ’ಕ್ಕೂ ಅದೇ ಅರ್ಥ. ಇದನ್ನು ಅಡಮ್ನಾನರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಆದರೆ ಸಂತರ ಹೆಸರನ್ನು ಕುರಿತು, ದ್ವೀಪವನ್ನು ಕುರಿತಲ್ಲ.

ಈ ಹೊಂದಿಕೆಯನ್ನು ಸಂಕಲ್ಪಪೂರ್ವಕವೆಂದು ಬಗೆಯುವುದು ಸುಲಭ, ಅದು ವಿಮರ್ಶೆಯಲ್ಲ. ಪಾಠದೋಷವನ್ನು ದೋಷವೆಂದು ಒಪ್ಪುವುದರಿಂದ ಭಕ್ತಿಗೆ ಕುಂದಿಲ್ಲ. ಸಂತರ ಹಿರಿಮೆ ಲಿಪಿಕಾರನ ಲೇಖನಿಯನ್ನು ಆಶ್ರಯಿಸಿ ನಿಂತುದಲ್ಲವಷ್ಟೆ.